ಅಮೆರಿಕದ ಶಾಲೆಯಲ್ಲಿ ಅಪ್ಪ-ಅಮ್ಮನಿಗೆ ಹಲವು ಕುರ್ಚಿ: ಯಾವ ರಾಜ್ಯದಲ್ಲಿ ಯಾವುದರಲ್ಲಿ ಕೂರೋದು?

ಆಗಸ್ಟ್ ಬಂತೆಂದರೆ ಸಾಕು, ಕನ್ನಡ ಕೂಟಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಪಿಟಿಎಗೆ (ಪೋಷಕರ-ಶಿಕ್ಷಕರ ಸಂಘಕ್ಕೆ) ದುಡ್ಡು ಕಟ್ಟಿದ್ದೇವೆ, ಅಷ್ಟು ಸಾಕಾ? ಸ್ಕೂಲ್ ಸೈಟ್ ಕೌನ್ಸಿಲ್‌ಗೆ ಹೆಸರು ಕೊಡಿ ಅಂತ ಈಮೇಲ್ ಬಂದಿದೆ, ಕೊಡಬೇಕಾ? ಫ್ರೀಮಾಂಟ್‌ನಲ್ಲಿ ಈಲ್ಯಾಕ್ ಅಂತ ಪೋಷಕರ ಸಮಿತಿ ಒಂದಿತ್ತು, ಈಗ ಡ್ಯಾಲಸ್‌ಗೆ ಬಂದಿದ್ದೇವೆ, ಇಲ್ಲಿ ಅಂಥದ್ದೇನೂ ಕಾಣ್ತಿಲ್ಲವಲ್ಲ?

ಗೊಂದಲ ಆಗೋದು ಸಹಜ. ಪೋಷಕರನ್ನು ಶಾಲೆಯ ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಅನ್ನುವ ಕಾನೂನು ವಾಷಿಂಗ್ಟನ್‌ನಲ್ಲಿ ಒಂದೇ. ಅದನ್ನು ಜಾರಿ ಮಾಡುವ ರೀತಿ ಮಾತ್ರ ರಾಜ್ಯಕ್ಕೊಂದು. ಒಂದು ಕಡೆ ಪೋಷಕರು ಪ್ರಿನ್ಸಿಪಾಲರನ್ನೇ ಆರಿಸುತ್ತಾರೆ. ಇನ್ನೊಂದು ಕಡೆ ಅದೇ ಪೋಷಕರು ಕೋಲೆ ಬಸವನ ಥರ ತಲೆ ಅಲ್ಲಾಡಿಸಿ ಎದ್ದು ಬರುತ್ತಾರೆ. ಹೆಸರು ನೋಡಿ ಇದು ಯಾವುದು ಅಂತ ಹೇಳೋಕಾಗಲ್ಲ.

ಹಾಗಾಗಿ ಮೊದಲು ಅಳತೆಗೋಲು ಗೊತ್ತು ಮಾಡಿಕೊಳ್ಳೋಣ, ಆಮೇಲೆ ಒಂದೊಂದು ರಾಜ್ಯ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಆ ಸಮಿತಿಗೆ ಮತ ಇದೆಯಾ, ಬರೀ ಸಲಹೆಯಾ? ಸಲಹೆಯಾದರೂ ಅದಕ್ಕೆ ಲಿಖಿತ ಉತ್ತರ ಕೊಡಲೇಬೇಕು ಅಂತ ಕಾನೂನಿದೆಯಾ? ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಎರಡನೆಯದು ಸಮಯ. ತಿಂಗಳಿಗೆ ಒಂದು ಸಂಜೆಯಾ, ವರ್ಷಕ್ಕೆ ನಾಲ್ಕು ಸಲವಾ? ಸಭೆ ಮಧ್ಯಾಹ್ನ ಮೂರೂವರೆಗಾದರೆ ಕೆಲಸದಿಂದ ಹೊರಡೋಕಾಗುತ್ತಾ?

ಮೂರನೆಯದು ಪೌರತ್ವ. ಎಚ್-1ಬಿ, ಎಚ್-4, ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು ಊರಿನ ಸರ್ಕಾರಿ ಶಾಲೆಗಳ ಆಡಳಿತ ನೋಡುವ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲುವ ಹಾಗಿಲ್ಲ, ಬಹುತೇಕ ಕಡೆ ಮತ ಹಾಕುವ ಹಾಗೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಅಪರೂಪದ ಅಪವಾದ. ಅಲ್ಲಿ 2016ರ ಮತದಾನದಲ್ಲಿ ಒಪ್ಪಿಗೆ ಸಿಕ್ಕ ಮೇಲೆ, ಪೌರರಲ್ಲದ ಪೋಷಕರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಬಹುದು. ಆದರೆ ಶಾಲಾ ಮಟ್ಟದ ಸಮಿತಿಗಳ ಮಾತೇ ಬೇರೆ. ಕೆಳಗೆ ಹೇಳುವ ಸಮಿತಿಗಳಲ್ಲಿ ಸಾಮಾನ್ಯವಾಗಿ ಬೇಕಾಗೋದು ‘ಇಲ್ಲಿ ನಿಮ್ಮ ಮಗು ಓದುತ್ತಿದೆಯಾ’ ಅನ್ನುವುದಷ್ಟೇ. ಸಂಬಳವೂ ಇಲ್ಲ.

ನಾಲ್ಕನೆಯದು, ನಿಮಗೆ ಬೇಕಾಗಿರುವುದು ನಿಮ್ಮ ಮಗುವಿನ ವಿಷಯವಾ, ಇಡೀ ಶಾಲೆಯ ವಿಷಯವಾ? ಮಗಳಿಗೆ ಗಣಿತದಲ್ಲಿ ಮುಂದಿನ ತರಗತಿ ಸಿಗಲಿಲ್ಲ ಅನ್ನುವುದನ್ನು ಕೌನ್ಸಿಲ್‌ನಲ್ಲಿ ಎತ್ತಿದರೆ ಅಧ್ಯಕ್ಷರು ನಗುತ್ತಾ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಅದಕ್ಕೆ ಬೇರೆ ದಾರಿ ಇದೆ.

ವಾಷಿಂಗ್ಟನ್ ಕೊಡುವುದು ಎಷ್ಟು?

1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಶಿಕ್ಷಣ ಕಾಯ್ದೆ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರದ ಹಣ ಕೊಡಲು ಶುರು ಮಾಡಿತು. ಆ ಹಣಕ್ಕೆ ಟೈಟಲ್ ಒನ್ ಅಂತ ಹೆಸರು. ಅದೇ ಕಾಯ್ದೆ ಹಲವು ಸಲ ಬದಲಾಗಿ, 2015ರ ಡಿಸೆಂಬರ್‌ನಲ್ಲಿ ಒಬಾಮ ಸಹಿಯೊಂದಿಗೆ ಈಗಿನ ರೂಪಕ್ಕೆ ಬಂತು. ಎಸ್ಸಾ ಅಂತ ಕರೆಯುತ್ತಾರೆ. ಅದರ 1116ನೇ ಸೆಕ್ಷನ್ ಪೋಷಕರದ್ದು.

ಅದು ಹೇಳುವುದು ಇಷ್ಟು. ಟೈಟಲ್ ಒನ್ ಶಾಲೆ ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆಯಬೇಕು. ಪೋಷಕರ ಜೊತೆ ಕೂತು ಒಂದು ಲಿಖಿತ ನೀತಿ ಬರೆಯಬೇಕು. ಶಾಲೆ ಏನು ಮಾಡುತ್ತದೆ, ಮನೆಯವರು ಏನು ಮಾಡುತ್ತಾರೆ ಅನ್ನುವ ಒಪ್ಪಂದ ಇರಬೇಕು. ಪ್ರಾಥಮಿಕ ಶಾಲೆಯಾದರೆ ವರ್ಷಕ್ಕೆ ಒಮ್ಮೆಯಾದರೂ ಟೀಚರ್ ಜೊತೆ ಕೂತು ಆ ಒಪ್ಪಂದದ ಬಗ್ಗೆ ಮಾತಾಡಬೇಕು. ಟೈಟಲ್ ಒನ್ ಅಡಿ ವರ್ಷಕ್ಕೆ 5 ಲಕ್ಷ ಡಾಲರ್‌ಗಿಂತ ಜಾಸ್ತಿ ಪಡೆಯುವ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಅದರಲ್ಲಿ ಕನಿಷ್ಠ ಶೇ. 1ನ್ನು ಪೋಷಕರ ಕೆಲಸಕ್ಕೆ ಎತ್ತಿಡಬೇಕು. ಎತ್ತಿಟ್ಟದ್ದರಲ್ಲಿ ಶೇ. 90 ಶಾಲೆಗಳಿಗೆ ಹೋಗಬೇಕು. ಅದನ್ನು ಹೇಗೆ ಖರ್ಚು ಮಾಡುವುದು ಅನ್ನುವುದರಲ್ಲಿ ಪೋಷಕರ ಮಾತೂ ಇರಬೇಕು.

ಲೆಕ್ಕ ಹಾಕಿ ನೋಡಿ. 20 ಲಕ್ಷ ಡಾಲರ್ ಬರುವ ಡಿಸ್ಟ್ರಿಕ್ಟ್‌ನಲ್ಲಿ ಶೇ. 1 ಅಂದರೆ 20,000. ಶಾಲೆಗಳಿಗೆ 18,000. ಆರು ಶಾಲೆಗಳಿದ್ದರೆ ತಲಾ 3,000 ಡಾಲರ್. ಇಡೀ ವರ್ಷಕ್ಕೆ! ಒಂದೆರಡು ಸಂಜೆ ಕಾರ್ಯಕ್ರಮ, ಅನುವಾದ, ಸಭೆ ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳುವವರ ಖರ್ಚು, ಅಷ್ಟಕ್ಕೆ ಮುಗಿಯಿತು.

ಇನ್ನೊಂದು ವಿಷಯ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಮೇಲೆ ಹೇಳಿದ್ದೆಲ್ಲ ಟೈಟಲ್ ಒನ್ ಶಾಲೆಗಳಿಗೆ ಮಾತ್ರ. ಒಳ್ಳೆಯ ಶಾಲೆ ಅಂತ ಹುಡುಕಿ, ದುಬಾರಿ ಬಾಡಿಗೆ ಕೊಟ್ಟು ನಾವು ಸೇರುವ ಬಡಾವಣೆಗಳ ಶಾಲೆಗಳು ಬಹಳಷ್ಟು ಆ ಪಟ್ಟಿಯಲ್ಲೇ ಇರುವುದಿಲ್ಲ. ಅಂಥ ಶಾಲೆಗೆ ಹೋಗಿ ‘ನಮ್ಮ ಒಪ್ಪಂದ ಎಲ್ಲಿ’ ಅಂತ ಕೇಳಿದರೆ ಆಫೀಸಿನವರು ಕಣ್ಣು ಕಣ್ಣು ಬಿಡುತ್ತಾರೆ. ಅವರ ತಪ್ಪಲ್ಲ. ಅಲ್ಲಿ ನಿಮಗಿರುವ ಹಕ್ಕು ರಾಜ್ಯದ ಕಾನೂನು ಕೊಟ್ಟದ್ದು.

ಊರಿನ ಎಸ್‌ಡಿಎಂಸಿ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಸರ್ಕಾರಿ ಶಾಲೆಗಳಿಗೆ ಸಮಿತಿ ಇರಬೇಕು, ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಅಂತ ಬರೆದುಬಿಟ್ಟಿದೆ. ಅಮೆರಿಕದ ಕೇಂದ್ರ ಕಾನೂನು ಸಮಿತಿಯ ಆಕಾರವನ್ನೇ ಹೇಳುವುದಿಲ್ಲ. ಶಿಕ್ಷಣ ರಾಜ್ಯಗಳ ವಿಷಯ, ನೀವೇ ನೋಡಿಕೊಳ್ಳಿ ಅನ್ನುತ್ತದೆ. 2025ರ ಮಾರ್ಚ್‌ನಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಹೆಜ್ಜೆ ಇಡಿ ಅಂತ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದ ಮೇಲಂತೂ, ರಾಜ್ಯದ ಕಾನೂನಿನ ಮೇಲೆ ನಿಂತ ಕುರ್ಚಿಯೇ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ಕಡೆ ಸಿಗುವ ಪಿಟಿಎ

ಮೊದಲು ಇದನ್ನು ಮುಗಿಸಿಬಿಡೋಣ. ಪಿಟಿಎ 1897ರಲ್ಲಿ ವಾಷಿಂಗ್ಟನ್‌ನಲ್ಲಿ ತಾಯಂದಿರ ಸಮ್ಮೇಳನವಾಗಿ ಹುಟ್ಟಿದ ಖಾಸಗಿ ಸಂಸ್ಥೆ. ಸರ್ಕಾರದ್ದಲ್ಲ. ಪಿಟಿಒ ಅಂದರೆ ಆ ರಾಷ್ಟ್ರೀಯ ಸಂಸ್ಥೆಗೆ ಸೇರದ, ಆ ಶಾಲೆಯವರೇ ಮಾಡಿಕೊಂಡ ಸಂಘ. ಶುಲ್ಕ ಸಣ್ಣದು. ಕೆಲಸ ಹಣ ಎತ್ತುವುದು, ಪುಸ್ತಕ ಮೇಳ, ಟೀಚರ್‌ಗಳಿಗೆ ಊಟ, ದೀಪಾವಳಿ ಸ್ಟಾಲ್.

ಊರಿಗೆ ಹೊಸಬರಾದರೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ನಾಲ್ಕು ಜನರ ಪರಿಚಯವಾಗುತ್ತದೆ, ಯಾವ ಟೀಚರ್ ಹೇಗೆ ಅಂತ ತಿಳಿಯುತ್ತದೆ. ಆದರೆ ಶಾಲೆಯ ಬಜೆಟ್‌ನಲ್ಲಿ, ಯೋಜನೆಯಲ್ಲಿ ಪಿಟಿಎಗೆ ಕಾನೂನಿನ ಮತ ಇಲ್ಲ. ತಾನು ಎತ್ತಿದ ಹಣದ ಮೇಲೆ ಮಾತ್ರ ಅದರ ಹಿಡಿತ. ಪಿಟಿಎಯಲ್ಲಿ ಮೂರು ವರ್ಷ ದುಡಿದು, ‘ನಮ್ಮ ಮಾತು ಯಾರೂ ಕೇಳಲ್ಲ’ ಅಂತ ಬೇಸರ ಮಾಡಿಕೊಳ್ಳುವವರು ತಪ್ಪು ಅಂಗಡಿಯಲ್ಲಿ ಸಾಮಾನು ಕೇಳುತ್ತಿದ್ದಾರೆ, ಅಷ್ಟೇ.

ಕ್ಯಾಲಿಫೋರ್ನಿಯಾ: ಸಮಿತಿಗಳ ಸಂತೆ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಮೂರನ್ನು ಮಾತ್ರ ತಿಳಿದುಕೊಂಡರೆ ಸಾಕು.

ಸ್ಕೂಲ್ ಸೈಟ್ ಕೌನ್ಸಿಲ್‌ನಲ್ಲಿ ಅರ್ಧ ಶಾಲೆಯ ಸಿಬ್ಬಂದಿ, ಇನ್ನರ್ಧ ಪೋಷಕರ ಪಾಲು. ಹೈಸ್ಕೂಲಾದರೆ ಆ ಪಾಲಿನಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಪೋಷಕರನ್ನು ಪೋಷಕರೇ ಆರಿಸುತ್ತಾರೆ. ಶಾಲೆಯ ವಾರ್ಷಿಕ ಯೋಜನೆಯನ್ನು ತಯಾರಿಸಿ, ಮತ ಹಾಕಿ, ಬೋರ್ಡಿಗೆ ಕಳಿಸುವುದು ಇವರ ಕೆಲಸ. ಟೈಟಲ್ ಒನ್ ಹಣ ಬರುವ ಶಾಲೆಯಾದರೆ ಆ ಹಣ ಎಲ್ಲಿಗೆ ಅನ್ನುವುದು ಇದೇ ಯೋಜನೆಯಲ್ಲಿ ಬರುತ್ತದೆ. ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ ನಿರ್ಧಾರ ಮಾಡುವಂತಿಲ್ಲ. ಸದಸ್ಯರಲ್ಲದವರೂ ಬಂದು ಮಾತಾಡಬಹುದು. ಸಭೆ ಅಂದರೆ ದೊಡ್ಡ ದರ್ಬಾರಲ್ಲ. ಲೈಬ್ರರಿಯಲ್ಲಿ ಎರಡನೇ ತರಗತಿ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ‘ಓದುವ ತಜ್ಞರ ಅರ್ಧ ಹುದ್ದೆ ಇಟ್ಟುಕೊಳ್ಳೋಣವಾ, ಸಾಫ್ಟ್‌ವೇರ್ ತಗೋಳೋಣವಾ’ ಅಂತ ಒಂದು ಸ್ಪ್ರೆಡ್‌ಶೀಟ್ ನೋಡುವುದು. ಅಲ್ಲಿ ನಿಮ್ಮ ಕೈ ಎತ್ತಿದರೆ ಅದು ನಿಜವಾದ ಮತ.

ಎರಡನೆಯದು ಈಲ್ಯಾಕ್, ಅಂದರೆ ಇಂಗ್ಲಿಷ್ ಕಲಿಯುವ ಮಕ್ಕಳ ಪೋಷಕರ ಸಲಹಾ ಸಮಿತಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ ಒಂದು ಫಾರ್ಮ್ ಕೊಡುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗು ಮೊದಲು ಕಲಿತ ಮಾತು ಯಾವುದು ಅಂತ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಅಂಕ ಕಡಿಮೆ ಬಂದರೆ ‘ಇಂಗ್ಲಿಷ್ ಕಲಿಯುವವರು’ ಅನ್ನುವ ಪಟ್ಟಿಗೆ. ಎಷ್ಟೋ ಜನ ಇದನ್ನು ಅವಮಾನ ಅಂತ ತಿಳಿದು, ಎರಡನೇ ಮಗುವಿಗೆ ‘ಇಂಗ್ಲಿಷ್’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಆ ಪಟ್ಟಿಯಲ್ಲಿರುವ ಮಗುವಿಗೆ ವಿಶೇಷ ಪಾಠ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಪ್ರತಿ ಮಗುವಿನ ಲೆಕ್ಕದಲ್ಲಿ ಡಿಸ್ಟ್ರಿಕ್ಟ್‌ಗೆ ಮೂಲ ಅನುದಾನದ ಮೇಲೆ ಶೇ. 20 ಹೆಚ್ಚುವರಿ ಹಣ ಬರುತ್ತದೆ. ನಿಮಗೂ ಒಂದು ಮತ ಸಿಗುತ್ತದೆ. ಅಂಥ ಮಕ್ಕಳು 21 ಅಥವಾ ಅದಕ್ಕಿಂತ ಜಾಸ್ತಿ ಇರುವ ಶಾಲೆಯಲ್ಲಿ ಈಲ್ಯಾಕ್ ಇರಲೇಬೇಕು. ಡಿಸ್ಟ್ರಿಕ್ಟ್‌ನಲ್ಲಿ 51 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಡಿಸ್ಟ್ರಿಕ್ಟ್ ಮಟ್ಟದ ಅಂಥದ್ದೇ ಸಮಿತಿ, ಡೀಲ್ಯಾಕ್.

ಈಲ್ಯಾಕ್‌ನದ್ದು ಸಲಹೆ ಮಾತ್ರ, ಮತದಿಂದ ಹಣ ಕದಲುವುದಿಲ್ಲ. ಆದರೂ ಹೊಸದಾಗಿ ಬಂದ ಕನ್ನಡದ ಕುಟುಂಬಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಸ್ಪರ್ಧೆ ಕಡಿಮೆ, ಸಭೆ ಕಡಿಮೆ. ಇಂಗ್ಲಿಷ್ ಉಚ್ಚಾರ ಹೇಗಿದೆ ಅಂತ ನಾಚಿಕೊಳ್ಳುವ ಅಗತ್ಯವೇ ಇಲ್ಲ, ಯಾಕೆಂದರೆ ಅಲ್ಲಿರುವವರೆಲ್ಲ ನಮ್ಮ ಥರದವರೇ.

ಮೂರನೆಯದು ಎಲ್‌ಕ್ಯಾಪ್, ಅಂದರೆ ಹಣವನ್ನು ಹೇಗೆ ಖರ್ಚು ಮಾಡುತ್ತೇವೆ ಅಂತ ಡಿಸ್ಟ್ರಿಕ್ಟ್ ಬರೆಯುವ ಯೋಜನೆ, ಅದಕ್ಕಿರುವ ಪೋಷಕರ ಸಲಹಾ ಸಮಿತಿ. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ರಾಜ್ಯ ತನ್ನ ಶಾಲಾ ಅನುದಾನದ ಲೆಕ್ಕವನ್ನೇ ಬದಲಾಯಿಸಿತು. ಹಣ ನಿಮಗೆ, ಆದರೆ ಹೇಗೆ ಖರ್ಚು ಮಾಡುತ್ತೀರಿ ಅಂತ ಜನರನ್ನು ಕೇಳಿ ಬರೆದು ತೋರಿಸಿ ಅಂದಿತು. ರಾಜ್ಯದ ಎಂಟು ಆದ್ಯತೆಗಳಲ್ಲಿ ಪೋಷಕರ ಪಾಲ್ಗೊಳ್ಳುವಿಕೆ ಮೂರನೆಯದು. ಇದು ಟೈಟಲ್ ಒನ್ ಇರಲಿ ಬಿಡಲಿ, ಎಲ್ಲ ಡಿಸ್ಟ್ರಿಕ್ಟ್‌ಗಳಿಗೂ ಅನ್ವಯಿಸುತ್ತದೆ. ಪೋಷಕರ ಸಲಹಾ ಸಮಿತಿ ಆ ಕರಡಿನ ಮೇಲೆ ಬರೆದುಕೊಟ್ಟ ಪ್ರತಿ ಟಿಪ್ಪಣಿಗೂ ಡಿಸ್ಟ್ರಿಕ್ಟ್ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಲಿಖಿತ ಉತ್ತರ ಕೊಡಬೇಕು. ಮೇಲೆ ಹೇಳಿದೆನಲ್ಲ, ಉತ್ತರ ಕೊಡುವ ಕಡ್ಡಾಯ ಇದೆಯಾ ಅಂತ, ಅದು ಇಲ್ಲಿದೆ. ಬೆಲೆ ಏನು ಅಂದರೆ ಓದು. ಎಲ್‌ಕ್ಯಾಪ್ ದಾಖಲೆ ನೂರಾರು ಪುಟ ಆಗುವುದುಂಟು, ಓದಿದರೆ ನಿದ್ದೆ ಗ್ಯಾರಂಟಿ. ಜುಲೈ 1ರೊಳಗೆ ಬೋರ್ಡ್ ಒಪ್ಪಬೇಕಾದ್ದರಿಂದ ವಸಂತದಲ್ಲಿ ಕರಡು ಬರುತ್ತದೆ. ಸ್ಪ್ರೆಡ್‌ಶೀಟ್ ನೋಡಿದರೆ ಖುಷಿಯಾಗುವ ಜಾತಿಯವರಾದರೆ ಮಾತ್ರ ಇದಕ್ಕೆ ಹೋಗಿ. ನಮ್ಮಲ್ಲಿ ಅಂಥವರಿಗೇನೂ ಕೊರತೆ ಇಲ್ಲ ಬಿಡಿ.

ಕೆಲಸಕ್ಕೆ ಹೋಗುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಅನುಕೂಲ. ಒಂದೇ ಜಾಗದಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿದ್ದರೆ ಮಗುವಿನ ಶಾಲೆಯ ಕೆಲಸಕ್ಕೆ ವರ್ಷಕ್ಕೆ 40 ಗಂಟೆಯವರೆಗೆ ರಜೆ ಕೇಳುವ ಹಕ್ಕಿದೆ, ತಿಂಗಳಿಗೆ 8 ಗಂಟೆಯ ಮಿತಿಯಲ್ಲಿ. ಸಂಬಳ ಸಿಗಲೇಬೇಕು ಅಂತಿಲ್ಲ, ನಿಮ್ಮದೇ ರಜೆ ಖರ್ಚಾಗಬಹುದು. ಮ್ಯಾನೇಜರ್ ಮುಖ ಸಿಂಡರಿಸಿದರೆ ಈ ಕಾನೂನನ್ನು ವಿನಯದಿಂದಲೇ ನೆನಪಿಸಿ.

ಶಿಕಾಗೊ: ನಿಜವಾದ ಅಧಿಕಾರ

ಅಧಿಕಾರವೊಂದೇ ಅಳತೆಗೋಲಾದರೆ ಶಿಕಾಗೊಗೆ ಸರಿಸಾಟಿ ಇಲ್ಲ. 1988ರ ರಾಜ್ಯ ಕಾನೂನಿನಿಂದ ಹುಟ್ಟಿ, 1989ರಲ್ಲಿ ಮೊದಲ ಚುನಾವಣೆ ಕಂಡ ಲೋಕಲ್ ಸ್ಕೂಲ್ ಕೌನ್ಸಿಲ್‌ನಲ್ಲಿ ಆರು ಪೋಷಕರು, ಇಬ್ಬರು ಸುತ್ತಮುತ್ತಲಿನ ನಿವಾಸಿಗಳು, ಇಬ್ಬರು ಟೀಚರ್‌ಗಳು, ಬೋಧಕೇತರ ಸಿಬ್ಬಂದಿಯಿಂದ ಒಬ್ಬರು, ಮತ್ತೆ ಪ್ರಿನ್ಸಿಪಾಲ್. ಹೈಸ್ಕೂಲಾದರೆ ವಿದ್ಯಾರ್ಥಿಗಳೂ ಇರುತ್ತಾರೆ. ಅಂದರೆ ವಿದ್ಯಾರ್ಥಿಗಳನ್ನು ಬಿಟ್ಟರೆ 12 ಜನರಲ್ಲಿ ಆರು ಮಂದಿ ಅಪ್ಪ-ಅಮ್ಮಂದಿರು. ಪ್ರಿನ್ಸಿಪಾಲರನ್ನು ನಾಲ್ಕು ವರ್ಷದ ಕರಾರಿನ ಮೇಲೆ ಆರಿಸುವುದು, ಅವಧಿ ಮುಗಿದಾಗ ಮುಂದುವರಿಸುವುದೋ ಬೇಡವೋ ಅಂತ ನಿರ್ಧರಿಸುವುದು, ಬಜೆಟ್ ಒಪ್ಪುವುದು, ಎಲ್ಲ ಇವರ ಕೈಯಲ್ಲಿ. ಪೌರತ್ವ ಬೇಕಿಲ್ಲ. ಎಚ್-1ಬಿಯಲ್ಲಿರುವ ಅಪ್ಪ ಮೇಯರ್ ಚುನಾವಣೆಯಲ್ಲಿ ಮತ ಹಾಕಲಾರ, ಆದರೆ ಮಗನ ಶಾಲೆಯ ಪ್ರಿನ್ಸಿಪಾಲರನ್ನು ಆರಿಸಬಲ್ಲ!

ಬೆಲೆಯೂ ಹಾಗೇ ಇದೆ. ಅವಧಿ ಎರಡು ವರ್ಷ. ತರಬೇತಿ ಕಡ್ಡಾಯ. ಹಿನ್ನೆಲೆ ಪರಿಶೀಲನೆ ಇರುತ್ತದೆ. ಪ್ರಿನ್ಸಿಪಾಲ್ ಬದಲಾವಣೆಯ ವರ್ಷ ಬಂದರೆ ಊರಿನ ಪಂಚಾಯ್ತಿ ಚುನಾವಣೆಯ ಬಿಸಿ ನೆನಪಾಗುತ್ತದೆ. ಸುಮ್ನೆ ಹೆಸರಿಗೆ ಅಂತ ನಿಲ್ಲುವ ಜಾಗ ಇದಲ್ಲ.

ಇನ್ನೊಂದು ಕಹಿ ಸತ್ಯ. ಇದು ಶಿಕಾಗೊ ನಗರಕ್ಕೆ ಮಾತ್ರ, ಅದರಲ್ಲೂ ಚಾರ್ಟರ್ ಶಾಲೆಗಳನ್ನು (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವವು) ಬಿಟ್ಟು. ನಮ್ಮವರು ಹೆಚ್ಚಾಗಿ ಇರುವ ನೇಪರ್‌ವಿಲ್, ಶಾಂಬರ್ಗ್, ಅರೋರಾ ಕಡೆ ಈ ಕೌನ್ಸಿಲ್ ಇಲ್ಲ. ಅಲ್ಲಿ ಪಿಟಿಎ, ಡಿಸ್ಟ್ರಿಕ್ಟ್ ಸಮಿತಿಗಳು, ದ್ವಿಭಾಷಾ ಶಿಕ್ಷಣ ನಡೆಯುವ ಕಡೆ ಅದರ ಪೋಷಕರ ಸಮಿತಿ, ಇಷ್ಟೇ. ಇಡೀ ಇಲಿನಾಯ್‌ಗೆ ಅನ್ವಯಿಸುವ ಒಂದು ಸಣ್ಣ ಸೌಲಭ್ಯ ಇದೆ: 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಕೆಲಸ ಮಾಡುವವರು ಟೀಚರ್ ಭೇಟಿಗೆ ವರ್ಷಕ್ಕೆ 8 ಗಂಟೆ ರಜೆ ಕೇಳಬಹುದು.

ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ಜಾರ್ಜಿಯಾ

ಈ ಮೂರೂ ನಡು ದಾರಿಯವು. ಮ್ಯಾಸಚೂಸೆಟ್ಸ್‌ನಲ್ಲಿ 1993ರ ಸುಧಾರಣಾ ಕಾಯ್ದೆಯಿಂದ ಪ್ರತಿ ಸರ್ಕಾರಿ ಶಾಲೆಗೂ ಸ್ಕೂಲ್ ಕೌನ್ಸಿಲ್. ಪೋಷಕರ ಸಂಖ್ಯೆ ಸಿಬ್ಬಂದಿಗೆ ಸಮ. ಪ್ರಿನ್ಸಿಪಾಲ್ ಸಹ ಅಧ್ಯಕ್ಷರು. ಯೋಜನೆ, ಬಜೆಟ್ ನೋಡಿ ಸಲಹೆ ಕೊಡುತ್ತದೆ, ಕೊನೆ ಮಾತು ಇದರದ್ದಲ್ಲ. ಆದರೆ ಸಾರ್ವಜನಿಕ ಸಭೆಗಳ ಕಾನೂನು ಅನ್ವಯಿಸುವುದರಿಂದ ಬಾಗಿಲು ಮುಚ್ಚಿ ಮಾತಾಡುವ ಹಾಗಿಲ್ಲ. ಈ ರಾಜ್ಯದಲ್ಲಿ ನನಗೆ ಹಿಡಿಸಿದ್ದು ಬೇರೆ ಎರಡು. ಒಂದು, ವಿಶೇಷ ಅಗತ್ಯ ಇರುವ ಮಕ್ಕಳ ಪೋಷಕರಿಗೆ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಪ್ರತ್ಯೇಕ ಸಮಿತಿ. 2017ರ ಕಾನೂನಿನಿಂದ ಇಂಗ್ಲಿಷ್ ಕಲಿಯುವ ಮಕ್ಕಳು ಹೆಚ್ಚಿರುವ ಡಿಸ್ಟ್ರಿಕ್ಟ್‌ಗಳಲ್ಲಿ ಅವರ ಪೋಷಕರಿಗೂ ಒಂದು. ಎರಡು, ಟೀಚರ್‌ಗಳ ಮೌಲ್ಯಮಾಪನದಲ್ಲೇ ಕುಟುಂಬದ ಜೊತೆಗಿನ ಕೆಲಸ ನಾಲ್ಕು ಮಾನದಂಡಗಳಲ್ಲಿ ಒಂದು. ಹಾಗಾಗಿ ಟೀಚರ್‌ಗೆ ಬರೆದ ಈಮೇಲ್‌ಗೆ ಉತ್ತರ ಬರುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ನ್ಯೂಯಾರ್ಕ್ ನಗರದಲ್ಲಿ ಸ್ಕೂಲ್ ಲೀಡರ್‌ಶಿಪ್ ಟೀಮ್. ಪ್ರಿನ್ಸಿಪಾಲ್, ಪೋಷಕರ ಸಂಘದ ಅಧ್ಯಕ್ಷರು, ಟೀಚರ್‌ಗಳ ಯೂನಿಯನ್ ಮುಖಂಡರು ಕಡ್ಡಾಯ. ಪೋಷಕರು, ಸಿಬ್ಬಂದಿ ಸಮ ಸಂಖ್ಯೆ. ಶಾಲೆಯ ವಾರ್ಷಿಕ ಯೋಜನೆಯನ್ನು ಒಮ್ಮತದಿಂದ ಬರೆಯಬೇಕು. ತಿಂಗಳಿಗೊಂದು ಸಭೆ ತಪ್ಪದು. ಪಿಟಿಎ ಅಧ್ಯಕ್ಷರಿಗೆ ಕಾನೂನಿನಿಂದಲೇ ಕುರ್ಚಿ ಇರುವುದರಿಂದ ಇಲ್ಲಿ ಪಿಟಿಎ ದಾರಿಗೂ ಸ್ವಲ್ಪ ತೂಕ ಇದೆ.

ಜಾರ್ಜಿಯಾದಲ್ಲಿ 2000ದ ಕಾನೂನಿನಿಂದ ಹುಟ್ಟಿದ ಸ್ಕೂಲ್ ಕೌನ್ಸಿಲ್‌ನಲ್ಲಿ ಈಗ ಪೋಷಕರೇ ಬಹುಮತ. ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ. ಕೇಳೋಕೆ ಭರ್ಜರಿಯಾಗಿದೆ, ಆದರೆ ಸಲಹೆ ಮಾತ್ರ. ಅಲ್ಫರೆಟಾ, ಜಾನ್ಸ್ ಕ್ರೀಕ್ ಇರುವ ಫುಲ್ಟನ್ ಕೌಂಟಿ ‘ಚಾರ್ಟರ್ ಸಿಸ್ಟಂ’ (ರಾಜ್ಯದ ಜೊತೆ ಪ್ರತ್ಯೇಕ ಕರಾರು ಮಾಡಿಕೊಂಡ ಡಿಸ್ಟ್ರಿಕ್ಟ್) ಆದ್ದರಿಂದ ಅಲ್ಲಿ ಸ್ಕೂಲ್ ಗವರ್ನೆನ್ಸ್ ಕೌನ್ಸಿಲ್ ಅಂತ ಬೇರೆ ಹೆಸರು, ಬೇರೆ ನಿಯಮ. ಪಕ್ಕದ ಕೌಂಟಿಯಲ್ಲಿರುವ ಸ್ನೇಹಿತರ ಅನುಭವ ನಿಮಗೆ ಲಾಗೂ ಆಗದೇ ಇರಬಹುದು. ಟೈಟಲ್ ಒನ್ ಶಾಲೆಯಾದರೆ ಜಾರ್ಜಿಯಾದ ನಿಜವಾದ ಬಲ ಬೇರೆ ಕಡೆ ಇದೆ. ಪೋಷಕರ ಜೊತೆ ಕೆಲಸ ಮಾಡುವುದಕ್ಕೆಂದೇ ಸಂಬಳದ ಸಂಯೋಜಕರು ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಇದ್ದಾರೆ. ಸಮಿತಿಗೆ ಹೋಗಲಾರದವರು ಅವರನ್ನು ಒಮ್ಮೆ ಭೇಟಿಯಾದರೂ ಅರ್ಧ ಕೆಲಸ ಆದಂತೆ.

ರಾಜ್ಯದ ಕಾನೂನು ಗಟ್ಟಿ ಅಂದೆನಲ್ಲ, ಅದೂ ಶಾಶ್ವತವಲ್ಲ. ಕೆಂಟಕಿಯಲ್ಲಿ 1990ರಿಂದ ಮೂವರು ಟೀಚರ್, ಇಬ್ಬರು ಪೋಷಕರು, ಪ್ರಿನ್ಸಿಪಾಲ್ ಇರುವ ಕೌನ್ಸಿಲ್‌ಗಳಿಗೆ ಪ್ರಿನ್ಸಿಪಾಲರನ್ನು ಆರಿಸುವ ಅಧಿಕಾರವೇ ಇತ್ತು. 2022ರಲ್ಲಿ ಶಾಸನಸಭೆ ಅದನ್ನು ಸೂಪರಿಂಟೆಂಡೆಂಟ್ ಕೈಗೆ ಕೊಟ್ಟಿತು. ಈಗ ಕೌನ್ಸಿಲ್ ಜೊತೆ ಸಮಾಲೋಚನೆ ಮಾಡಿದರೆ ಸಾಕು.

ಟೆಕ್ಸಸ್: ಸಮಿತಿ ಸಣ್ಣದು, ಹಕ್ಕು ದೊಡ್ಡದು

ಡ್ಯಾಲಸ್‌ಗೆ ಬಂದವರ ಪ್ರಶ್ನೆಗೆ ಈಗ ಉತ್ತರ. ಟೆಕ್ಸಸ್‌ನಲ್ಲಿ ಕ್ಯಾಂಪಸ್ ಮಟ್ಟದ ಯೋಜನಾ ಸಮಿತಿಗಳಲ್ಲಿ ಪೋಷಕರು ಇರಬೇಕು ಅಂತ ಕಾನೂನಿದೆ. ಆದರೆ ಆ ಸಮಿತಿ ಟೀಚರ್‌ಗಳದ್ದೇ ಹೆಚ್ಚು, ಪೋಷಕರು ಬೆರಳೆಣಿಕೆ. ಅದರಲ್ಲಿ ಕೂತು ಬದಲಾವಣೆ ತರುತ್ತೇನೆ ಅಂತ ಹೊರಟರೆ ನಿರಾಸೆಯೇ.

ಆ ರಾಜ್ಯದ ಒಲವು ಬೇರೆ. ಅದು ಪೋಷಕರನ್ನು ಸಮಿತಿಯಾಗಿ ನೋಡುವುದಕ್ಕಿಂತ ಒಬ್ಬೊಬ್ಬರಾಗಿ ನೋಡುತ್ತದೆ. ಶಿಕ್ಷಣ ಸಂಹಿತೆಯ 26ನೇ ಅಧ್ಯಾಯ ಪೂರ್ತಿ ಪೋಷಕರ ಹಕ್ಕುಗಳದ್ದು: ಮಗುವಿನ ದಾಖಲೆ, ಪಾಠದ ಸಾಮಗ್ರಿ, ನಡೆದ ಪರೀಕ್ಷೆ, ಎಲ್ಲ ಕೇಳಿ ನೋಡಬಹುದು. ನಿಮ್ಮ ಚಿಂತೆ ನಿಮ್ಮ ಮಗುವಿನದ್ದಾದರೆ ಟೆಕ್ಸಸ್ ನಿಜಕ್ಕೂ ಒಳ್ಳೆಯ ಜಾಗ.

ಸಮಿತಿಯೇ ಬೇಕು ಅನ್ನುವವರಿಗೆ ಎರಡು. ಶ್ಯಾಕ್ ಅನ್ನುವ ಶಾಲಾ ಆರೋಗ್ಯ ಸಲಹಾ ಮಂಡಳಿ ಪ್ರತಿ ಡಿಸ್ಟ್ರಿಕ್ಟ್‌ನಲ್ಲಿ ಇರಬೇಕು. ಡಿಸ್ಟ್ರಿಕ್ಟ್ ನೌಕರರಲ್ಲದ ಪೋಷಕರೇ ಅದರಲ್ಲಿ ಬಹುಮತ, ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ. ಊಟ, ಆಟ, ಲೈಂಗಿಕ ಶಿಕ್ಷಣದ ಪಾಠ ಎಲ್ಲ ಅಲ್ಲಿಗೆ ಬರುತ್ತದೆ. ಕ್ಯಾಂಟೀನಿನಲ್ಲಿ ಸಸ್ಯಾಹಾರಿ ಮಕ್ಕಳು ದಿನಾ ಚೀಸ್ ಪಿಜ್ಜಾ ತಿನ್ನುತ್ತಿದ್ದಾರೆ ಅನ್ನುವ ದೂರು ಸರಿಯಾಗಿ ಹೋಗಬೇಕಾದ ಜಾಗ ಇದೇ. ಇನ್ನೊಂದು ಎಲ್‌ಪ್ಯಾಕ್. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಯಾವ ಪಾಠ ಅಂತ ನಿರ್ಧರಿಸುವ ಈ ತಂಡದಲ್ಲಿ ಅಂಥ ಮಗುವಿನ ಪೋಷಕರೊಬ್ಬರು ಇರಬೇಕು. ಫ್ರೀಮಾಂಟ್‌ನ ಈಲ್ಯಾಕ್‌ಗೆ ಹತ್ತಿರದ್ದು ಇದು, ಆದರೆ ಇಲ್ಲಿ ಮಾತು ಮಕ್ಕಳ ಒಂದೊಂದೇ ಫೈಲಿನ ಬಗ್ಗೆ. ಗುಟ್ಟು ಕಾಯುವವರಿಗೆ ಮಾತ್ರ.

ಹಾಗಾದರೆ ಯಾರಿಗೆ ಯಾವುದು?

ಈಗಷ್ಟೇ ಬಂದಿದ್ದೀರಿ, ಮಗು ಚಿಕ್ಕದು, ಯಾರೂ ಗೊತ್ತಿಲ್ಲ: ಮೊದಲ ವರ್ಷ ಪಿಟಿಎ. ಮಗು ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲಿದ್ದರೆ ಜೊತೆಗೆ ಈಲ್ಯಾಕ್ ಅಥವಾ ನಿಮ್ಮ ರಾಜ್ಯದ ಅಂಥ ಸಮಿತಿ.

ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಸಮಯವೇ ಇಲ್ಲ: ಸಮಿತಿ ಬಿಡಿ. ವರ್ಷದ ಟೀಚರ್ ಭೇಟಿಯನ್ನು ತಪ್ಪಿಸಬೇಡಿ, ಕರಡು ಯೋಜನೆಯ ಮೇಲೆ ಒಂದು ಈಮೇಲ್ ಬರೆಯಿರಿ. ಟೈಟಲ್ ಒನ್ ಶಾಲೆಯಾದರೆ ಸಭೆಗಳನ್ನು ಬೆಳಿಗ್ಗೆ, ಸಂಜೆ ಹೀಗೆ ಬೇರೆ ಬೇರೆ ಹೊತ್ತಿಗೆ ಇಡಿ ಅಂತ ಕೇಳುವ ಹಕ್ಕು ಕೇಂದ್ರದ ಕಾನೂನಿನಲ್ಲೇ ಇದೆ. ಟೀಚರ್‌ಗೆ ಏನು ಅರ್ಹತೆ ಅಂತಲೂ ಕೇಳಬಹುದು. ರಾಜ್ಯದ ಅರ್ಹತೆ ಇಲ್ಲದವರು ನಾಲ್ಕು ವಾರ ಸತತವಾಗಿ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು.

ಮನೆಯಲ್ಲಿ ಅಜ್ಜಿ-ತಾತ ಮಗುವನ್ನು ನೋಡಿಕೊಳ್ಳುತ್ತಾರೆ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ: ಪತ್ರಗಳು ಕನ್ನಡದಲ್ಲಿ ಬರುತ್ತವೆ ಅಂತ ಕಾಯಬೇಡಿ. ಕ್ಯಾಲಿಫೋರ್ನಿಯಾದಲ್ಲೂ ಶಾಲೆಯ ಶೇ. 15 ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಮಾತ್ರ ಆ ಭಾಷೆಯಲ್ಲಿ ಕಳಿಸುವ ಕಡ್ಡಾಯ. ಕನ್ನಡಕ್ಕೆ ಆ ಭಾಗ್ಯ ಸಿಗುವುದು ಕಷ್ಟ. ಆದರೆ ಫೋನಿನ ಮೂಲಕ ಕನ್ನಡದ ದುಭಾಷಿ ಕೊಡಿ ಅಂತ ಶಾಲೆಯನ್ನು ಕೇಳಬಹುದು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಕೇಂದ್ರದ ಹಣ ಪಡೆಯುವ ಎಲ್ಲ ಶಾಲೆಗೂ ಅನ್ವಯಿಸುತ್ತದೆ. ಒಂದು ವಾರ ಮೊದಲೇ ಹೇಳಿದರೆ ಏರ್ಪಾಡು ಮಾಡುವುದು ಅವರಿಗೂ ಸುಲಭ.

ಮಗುವಿಗೆ ವಿಶೇಷ ಅಗತ್ಯ ಇದೆ: ಬೇರೆ ಯಾವ ಸಮಿತಿಗೂ ಮೊದಲು ನಿಮ್ಮ ಮಗುವಿನ ಐಇಪಿ (ಆ ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆ) ತಂಡ. ಅಲ್ಲಿ ನೀವು ಅತಿಥಿಯಲ್ಲ, ಕೇಂದ್ರದ ಕಾನೂನಿನ ಪ್ರಕಾರ ತಂಡದ ಸದಸ್ಯರು. ಪ್ರತಿ ರಾಜ್ಯದಲ್ಲೂ ಇಂಥ ಪೋಷಕರಿಗೆ ಉಚಿತವಾಗಿ ಮಾಹಿತಿ, ತರಬೇತಿ ಕೊಡುವ ಕೇಂದ್ರ ಇದೆ. ಅಲ್ಲಿಗೆ ಮೊದಲು ಫೋನ್ ಮಾಡಿ. ನ್ಯೂಜೆರ್ಸಿಯಲ್ಲಿ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇಂಥ ಪೋಷಕರ ಗುಂಪು ಇರಬೇಕು ಅಂತ ನಿಯಮ ಇದೆ. ಎಡಿಸನ್ ಕಡೆಯವರು ಕೇಳಿ ನೋಡಿ.

ಶಾಲೆಯ ದಿಕ್ಕನ್ನೇ ಬದಲಿಸಬೇಕು ಅನ್ನುವ ಹುಮ್ಮಸ್ಸಿದೆ, ತಿಂಗಳಿಗೆ ಐದಾರು ಗಂಟೆ ಕೊಡಬಲ್ಲಿರಿ: ಶಿಕಾಗೊದಲ್ಲಿ ಲೋಕಲ್ ಕೌನ್ಸಿಲ್, ಕ್ಯಾಲಿಫೋರ್ನಿಯಾದಲ್ಲಿ ಸೈಟ್ ಕೌನ್ಸಿಲ್, ನ್ಯೂಯಾರ್ಕ್‌ನಲ್ಲಿ ಲೀಡರ್‌ಶಿಪ್ ಟೀಮ್. ಮ್ಯಾಸಚೂಸೆಟ್ಸ್, ಜಾರ್ಜಿಯಾಗಳಲ್ಲಿ ಕೌನ್ಸಿಲ್‌ಗೆ ಹೋಗಿ, ಆದರೆ ಸಲಹೆಯನ್ನು ಬರಹದಲ್ಲಿ ಕೊಟ್ಟು, ಸಭೆಯ ನಡಾವಳಿಯಲ್ಲಿ ದಾಖಲಾಯಿತಾ ಅಂತ ಮುಂದಿನ ಸಲ ನೋಡಿ. ಟೆಕ್ಸಸ್‌ನಲ್ಲಿ ಶ್ಯಾಕ್.

ಯಾವುದಕ್ಕೇ ಹೋಗುವುದಾದರೂ ಮೊದಲು ಶಾಲೆಯ ಆಫೀಸಿನಲ್ಲಿ ಮೂರು ವಿಷಯ ಕೇಳಿ. ಇದು ಟೈಟಲ್ ಒನ್ ಶಾಲೆಯಾ? ಆ ಸಮಿತಿಯ ಬೈಲಾ ಎಲ್ಲಿದೆ? ಕಳೆದ ವರ್ಷದ ನಡಾವಳಿ ಕೊಡ್ತೀರಾ? ನಡಾವಳಿಯಲ್ಲಿ ಪೋಷಕರು ಎತ್ತಿದ ಒಂದು ವಿಷಯವೂ ಕಾಣದಿದ್ದರೆ ಅಲ್ಲಿ ನಿಮ್ಮ ಸಂಜೆ ವ್ಯರ್ಥ ಆಗುವ ಸಾಧ್ಯತೆಯೇ ಹೆಚ್ಚು, ಬೇರೆ ನೋಡಿ. ತಡ ಮಾತ್ರ ಮಾಡಬೇಡಿ. ಬಹಳ ಕಡೆ ಈ ಕುರ್ಚಿಗಳ ಚುನಾವಣೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮುಗಿಯುತ್ತದೆ. ಶಿಕಾಗೊದಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ವಸಂತದಲ್ಲಿ.